ಉತ್ತರ ಹೇಳದ ಅಕ್ಕ: ಡೊಂಬಿವಲಿಯ ರಸಾಯನಶಾಸ್ತ್ರ ಗುಂಪಿನ ಮೊದಲ ಸೆಮಿಸ್ಟರ್

ಜುಲೈ ಕೊನೆ

ಗುಂಪು ಶುರುವಾಯಿತು. ಬಿ.ಎಸ್ಸಿ. ಮೊದಲ ವರ್ಷದ, ಇಲ್ಲಿಯವರು ‘ಎಫ್‌ವೈ’ ಎನ್ನುವ ತರಗತಿಯ ಏಳು ಮಕ್ಕಳು. ಎಲ್ಲರದೂ ಮುಂಬಯಿ ಪಕ್ಕದ ಡೊಂಬಿವಲಿ, ಠಾಣೆ ಕಡೆಯ ಕನ್ನಡ ಮನೆಗಳು. ಕಾಲೇಜುಗಳು ಮಾತ್ರ ಬೇರೆ ಬೇರೆ. ಭಾನುವಾರ ಹಳಿ ದುರಸ್ತಿಗೆಂದು ರೈಲು ತಡೆಯುವ ಮಧ್ಯ ರೈಲ್ವೆಯ ‘ಮೆಗಾಬ್ಲಾಕ್’ ಕಾಟವಿರುವುದರಿಂದ ಶನಿವಾರ ಸಂಜೆ ನಮ್ಮ ಮನೆಯಲ್ಲೇ ಸೇರುತ್ತೇವೆ. ನಾನು ಔಷಧ ಕಾರ್ಖಾನೆಯ ಪ್ರಯೋಗಾಲಯದಲ್ಲಿ ದುಡಿಯುವವಳು. ಪ್ರಶ್ನೆಪತ್ರ ಬರೆದುಕೊಟ್ಟು, ಅವಲಕ್ಕಿ ಒಗ್ಗರಣೆ ಹಾಕಿ ಒಳಕೋಣೆಗೆ ಹೋಗುವುದಷ್ಟೇ ನನ್ನ ಪಾಲಿನ ಕೆಲಸ. ಗುಂಪನ್ನು ನಡೆಸುವವಳು ಕಳೆದ ವರ್ಷ ಇದೇ ಪಾಠವನ್ನು ಚೆನ್ನಾಗಿ ಓದಿ ಮುಗಿಸಿದ, ಈಗ ಎರಡನೆಯ ವರ್ಷದಲ್ಲಿರುವ ಹುಡುಗಿ. ಮಕ್ಕಳು ಅವಳನ್ನು ‘ಅಕ್ಕ’ ಎನ್ನುತ್ತಾರೆ.

ಈ ಕ್ರಮ ನನ್ನದಲ್ಲ. 1990ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ ಡೇವಿಡ್ ಗಾಸರ್ ಮತ್ತು ಸಂಗಡಿಗರು ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗಾಗಿ ರೂಪಿಸಿದ್ದು. ಆರರಿಂದ ಎಂಟು ಜನರ ಗುಂಪು, ಅದೇ ಪಾಠವನ್ನು ಹಿಂದೆ ಮುಗಿಸಿದ ಹಿರಿಯ ವಿದ್ಯಾರ್ಥಿಯ ಮುಂದಾಳತ್ವ, ವಾರಕ್ಕೊಮ್ಮೆ ಒಂದೂವರೆ ಎರಡು ಗಂಟೆಯ ಬೈಠಕ್. ಮುಂದಾಳು ಪಾಠ ಮಾಡುವುದಿಲ್ಲ, ಉತ್ತರಪಟ್ಟಿಯನ್ನೂ ಹಂಚುವುದಿಲ್ಲ. ಉತ್ತರ ಸರಿಯೇ ಎಂದು ಗುಂಪೇ ವಾದಿಸಿ ತೀರ್ಮಾನಿಸಬೇಕು.

ಆಗಸ್ಟ್

ಟ್ಯೂಷನ್ ಶುಲ್ಕ ಎಷ್ಟು ಎಂದು ಕೇಳಿಕೊಂಡು ತಾಯಂದಿರ ಫೋನು ಬರುತ್ತಲೇ ಇದೆ. ಒಬ್ಬರಂತೂ, ‘ನನ್ನ ಮಗ ದಡ್ಡನಲ್ಲ, ಅವನಿಗೇಕೆ ಇದು?’ ಎಂದು ಕೇಳಿದರು. ಅವರಿಗೆ ಅಮೆರಿಕದ ಗಣಿತಜ್ಞ ಯೂರಿ ಟ್ರೈಸ್‌ಮನ್ ಕಥೆ ಹೇಳಿದೆ. 1970ರ ದಶಕದಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕಲನಶಾಸ್ತ್ರ ಓದುತ್ತಿದ್ದ ಕಪ್ಪು ವಿದ್ಯಾರ್ಥಿಗಳು ಒಂಟಿಯಾಗಿ ಕಷ್ಟಪಟ್ಟು ಓದುವುದನ್ನು, ಚೀನೀ ಮೂಲದವರು ಓದಿದ್ದನ್ನು ಕೂಡಿ ಕುಳಿತು ಚರ್ಚಿಸುವುದನ್ನು ಅವರು ಗಮನಿಸಿದರು. ಆಮೇಲೆ ತಾವು ಕಟ್ಟಿದ ಕಾರ್ಯಾಗಾರಕ್ಕೆ ‘ಹಿಂದುಳಿದವರಿಗಾಗಿ’ ಎಂಬ ಹಣೆಪಟ್ಟಿ ಅಂಟಿಸಲಿಲ್ಲ. ತರಗತಿಯಲ್ಲಿ ಕೊಡುವುದಕ್ಕಿಂತ ಕಠಿಣ ಲೆಕ್ಕಗಳನ್ನೇ ಕೊಟ್ಟರು. ಆ ತಾಯಿ ಮಗನನ್ನು ಕಳುಹಿಸಿದರು.

ಗಣೇಶೋತ್ಸವದ ನಂತರ

ಈ ಶನಿವಾರದ್ದನ್ನು ವಿವರವಾಗಿ ಬರೆದಿಡಬೇಕು.

ಪ್ರಶ್ನೆ ಇದು: ಅಮೋನಿಯಾ (NH₃) ಮತ್ತು ನೈಟ್ರೋಜನ್ ಟ್ರೈಫ್ಲೋರೈಡ್ (NF₃) ಎರಡಕ್ಕೂ ಪಿರಮಿಡ್ ಆಕಾರ. ಫ್ಲೋರಿನ್ ಎಲೆಕ್ಟ್ರಾನುಗಳನ್ನು ಎಲ್ಲಕ್ಕಿಂತ ಬಲವಾಗಿ ಎಳೆಯುವ ಧಾತು. ಹಾಗಿದ್ದರೂ ಅಮೋನಿಯಾದ ಡೈಪೋಲ್ ಮೊಮೆಂಟ್ (ಅಣುವಿನ ಧನ, ಋಣ ವಿದ್ಯುದಾವೇಶಗಳು ಎಷ್ಟು ಬೇರ್ಪಟ್ಟಿವೆ ಎಂಬುದರ ಅಳತೆ, ಏಕಮಾನ ಡಿಬೈ) ಸುಮಾರು 1.47 ಡಿಬೈ, ಇನ್ನೊಂದರದು ಬರೀ 0.23. ಏಕೆ?

ಮೊದಲ ಹತ್ತು ನಿಮಿಷ ಎಲ್ಲರೂ ಪುಸ್ತಕದಲ್ಲಿ ಅಚ್ಚಿನ ತಪ್ಪಿದೆ ಎಂದೇ ವಾದಿಸಿದರು. ಅಕ್ಕ ಅಲ್ಲಗಳೆಯಲಿಲ್ಲ. ‘ಒಂದೊಂದು ಬಂಧಕ್ಕೂ ಬಾಣ ಬರೆಯಿರಿ, ಎಲೆಕ್ಟ್ರಾನು ಯಾವ ಕಡೆಗೆ ವಾಲುತ್ತದೆ?’ ಎಂದಷ್ಟೇ ಕೇಳಿದಳು. ಅಮೋನಿಯಾದಲ್ಲಿ ಬಾಣಗಳು ನೈಟ್ರೋಜನ್ನಿನತ್ತ ಮೇಲಕ್ಕೆ ಹೋದವು, ಇನ್ನೊಂದರಲ್ಲಿ ಫ್ಲೋರಿನ್ನಿನತ್ತ ಕೆಳಕ್ಕೆ ಇಳಿದವು. ದಿಕ್ಕು ತಿರುಗಿದ್ದು ಗೊತ್ತಾಯಿತು, ಆದರೆ ಬಲ ಕಡಿಮೆಯಾದದ್ದೇಕೆ? ಇಬ್ಬರು ಹುಡುಗಿಯರು ಮರಾಠಿಗೆ ಜಾರಿ ಜೋರಾಗಿಯೇ ಜಗಳವಾಡಿದರು. ಆಗ ಅಲ್ಲಿಯವರೆಗೂ ಬಾಯಿ ಬಿಡದೆ ಕುಳಿತಿದ್ದ ಹುಡುಗ, ನೈಟ್ರೋಜನ್ನಿನ ತಲೆಯ ಮೇಲೆ ಬಂಧದಲ್ಲಿ ತೊಡಗದ ಎಲೆಕ್ಟ್ರಾನ್ ಜೋಡಿಯೊಂದು ಇದೆಯಲ್ಲ, ಅದಕ್ಕೆ ಯಾರೂ ಬಾಣ ಹಾಕಿಲ್ಲ ಎಂದ. ಹಾಕಿದರು. ಅಮೋನಿಯಾದಲ್ಲಿ ಅದು ಬಂಧಗಳ ಬಾಣಗಳಿಗೆ ಕೂಡಿಕೊಂಡಿತು, ಇನ್ನೊಂದರಲ್ಲಿ ಅವುಗಳಿಗೆ ಎದುರಾಗಿ ನಿಂತು ಬಹುಪಾಲು ಹೊಡೆದುಹಾಕಿತು.

ನಾನು ಒಳಗಿನಿಂದ ಕೇಳುತ್ತಿದ್ದೆ. ಉತ್ತರವನ್ನು ಬೋರ್ಡಿನ ಮೇಲೆ ಬರೆದುಕೊಟ್ಟಿದ್ದರೆ ಐದು ನಿಮಿಷದ ಕೆಲಸ. ಆದರೆ ಆ ಹುಡುಗನ ಬಾಯಿಂದ ಆ ಮಾತು ಎಂದಿಗೂ ಬರುತ್ತಿರಲಿಲ್ಲ. ಸರಿ ಎಂದು ಹೊಗಳುವ ಬದಲು ಅಕ್ಕ, ‘ಹಾಗಾದರೆ ಬೋರಾನ್ ಟ್ರೈಫ್ಲೋರೈಡಿನದು ಸೊನ್ನೆ ಏಕೆ?’ ಎಂದು ಇನ್ನೊಂದು ಪ್ರಶ್ನೆ ಇಟ್ಟಳು. ಚಪ್ಪಟೆ ಅಣು, ಬೋರಾನಿನ ಮೇಲೆ ಬಂಧದಲ್ಲಿ ತೊಡಗದ ಜೋಡಿಯಿಲ್ಲ, ಮೂರು ಬಾಣಗಳೂ ಒಂದನ್ನೊಂದು ಅಳಿಸುತ್ತವೆ. ಈ ಸಲ ಹೆಚ್ಚು ಹೊತ್ತು ಹಿಡಿಯಲಿಲ್ಲ. ಒಳ್ಳೆಯ ಮುಂದಾಳಿನ ಗುರುತು ನನಗೆ ಆ ಎರಡನೆಯ ಪ್ರಶ್ನೆಯಲ್ಲಿ ಕಾಣಿಸಿತು.

ಅಕ್ಟೋಬರ್

ಪರೀಕ್ಷೆ ಹತ್ತಿರವಾದಂತೆ ಹಳೆಯ ಪ್ರಶ್ನೆಪತ್ರಿಕೆ ಬಿಡಿಸೋಣ ಎಂಬ ಒತ್ತಾಯ ಬಂತು. ಅರ್ಧ ಹೊತ್ತು ಅದಕ್ಕೆ ಬಿಟ್ಟುಕೊಟ್ಟೆ.

ಇದರಿಂದ ನಿಜಕ್ಕೂ ಉಪಯೋಗವಿದೆಯೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ವಿಜ್ಞಾನ, ಎಂಜಿನಿಯರಿಂಗ್, ಗಣಿತ ತರಗತಿಗಳ 225 ಅಧ್ಯಯನಗಳನ್ನು ಒಟ್ಟುಗೂಡಿಸಿದ 2014ರ ವಿಶ್ಲೇಷಣೆಯಲ್ಲಿ, ಉಪನ್ಯಾಸವಷ್ಟೇ ನಡೆಯುವ ಕಡೆ ಸರಾಸರಿ ಶೇ 34ರಷ್ಟು ವಿದ್ಯಾರ್ಥಿಗಳು ಅನುತ್ತೀರ್ಣರಾಗಿದ್ದರೆ, ವಿದ್ಯಾರ್ಥಿಗಳೇ ತೊಡಗಿ ಕಲಿಯುವ ಕಡೆ ಅದು ಶೇ 22 ಇತ್ತು. ಅದು ಎಲ್ಲ ಬಗೆಯ ಸಕ್ರಿಯ ಕಲಿಕೆಯ ಲೆಕ್ಕ, ನಮ್ಮಂಥ ಗುಂಪುಗಳದ್ದಷ್ಟೇ ಅಲ್ಲ. ಮೂಲ ಕ್ರಮದಲ್ಲಿ ಕಾರ್ಯಾಗಾರವು ಕಾಲೇಜಿನ ಪಾಠದ ಅಂಗವೇ ಆಗಿರಬೇಕು, ಅಧ್ಯಾಪಕರು ಜೊತೆಗಿರಬೇಕು. ನಮ್ಮದು ಮನೆಯಲ್ಲಿ ನಡೆಯುವ ಗುಂಪು. ಆ ಕೊರತೆ ನನ್ನನ್ನು ಕಾಡುತ್ತದೆ. ಹುಡುಗರ ಪೈಕಿ ಒಬ್ಬನ ಅಧ್ಯಾಪಕಿ ನಮ್ಮ ಪ್ರಶ್ನೆಪತ್ರಗಳನ್ನು ನೋಡಲು ಒಪ್ಪಿದ್ದಾರೆ.

ಮುಂದಿನ ಸೆಮಿಸ್ಟರಿಗೆ ಬಫರ್ ದ್ರಾವಣದ ಪ್ರಶ್ನೆಗಳು ಬರೆಯಬೇಕಿದೆ. ಇನ್ನೂ ಎಂಟು ಮಕ್ಕಳು ಸೇರಲು ಕೇಳಿದ್ದಾರೆ, ಅಂದರೆ ಎರಡನೆಯ ಮುಂದಾಳು ಬೇಕು. ಆ ಮೌನಿ ಹುಡುಗ ಎರಡನೆಯ ವರ್ಷಕ್ಕೆ ಬರುವವರೆಗೆ ಕಾಯಲಾಗದು. ಅಕ್ಕನ ಸಹಪಾಠಿಯೊಬ್ಬನನ್ನು ಕೇಳಿದ್ದೇನೆ. ಅವನು ಮೊದಲು ನಾಲ್ಕಾರು ಶನಿವಾರ ಅಕ್ಕನ ಪಕ್ಕದಲ್ಲಿ ಕುಳಿತು ನೋಡಲಿ.