ವಿಂಚೆಸ್ಟರ್‌ನಲ್ಲಿ ಒಂದು ಹುಟ್ಟುಹಬ್ಬ

ಸೆಪ್ಟೆಂಬರ್ 8ರ ಬೆಳಿಗ್ಗೆ ಅಮ್ಮನನ್ನು ಕರೆದುಕೊಂಡು ವಿಂಚೆಸ್ಟರ್‌ಗೆ ಹೊರಟೆ. ವರ್ಜೀನಿಯಾದ ಆಶ್‌ಬರ್ನ್‌ನಲ್ಲಿರುವ ನಮ್ಮ ಮನೆಯಿಂದ ಸುಮಾರು ಒಂದು ಗಂಟೆ ದಾರಿ.

"ಯಾರ ಹುಟ್ಟುಹಬ್ಬ ಕಣೋ?" ಅಮ್ಮ ಕೇಳಿದರು.

ಪ್ಯಾಟ್ಸಿ ಕ್ಲೈನ್ ಎಂದೆ. 1932ರಲ್ಲಿ ಹುಟ್ಟಿದ ಹಾಡುಗಾರ್ತಿ. 1963ರಲ್ಲಿ ವಿಮಾನ ಅಪಘಾತದಲ್ಲಿ ಹೋದಾಗ ಅವಳಿಗೆ ಬರೀ 30. ಅಮೆರಿಕದ ಹಳ್ಳಿಗಾಡಿನ ಹಾಡುಗಳಿಂದ ಬೆಳೆದ ಕಂಟ್ರಿ ಸಂಗೀತಕ್ಕೆ ದಾರಿ ಹಾಕಿಕೊಟ್ಟ ಜಿಮ್ಮಿ ರಾಜರ್ಸ್ ಹುಟ್ಟಿದ್ದೂ ಇದೇ ದಿನ, 1897ರಲ್ಲಿ. ಇಂಥ ತಾರೀಖುಗಳನ್ನು, ಯಾವ ಹಾಡು ಯಾವಾಗ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಬಂತು ಅನ್ನೋದನ್ನು ನಾನು ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ.

ಸೌತ್ ಕೆಂಟ್ ಸ್ಟ್ರೀಟ್‌ನ ಪ್ಯಾಟ್ಸಿಯ ಮನೆ ತುಂಬಾ ಚಿಕ್ಕದು. ಅಪ್ಪ ಬಿಟ್ಟು ಹೋದ ಮೇಲೆ, ತನ್ನ 16ನೇ ವಯಸ್ಸಿನಲ್ಲಿ ಪ್ಯಾಟ್ಸಿ ತಾಯಿ, ತಮ್ಮ, ತಂಗಿಯ ಜೊತೆ ಇಲ್ಲಿಗೆ ಬಂದಳು. ಶಾಲೆ ಬಿಟ್ಟು ಔಷಧಿ ಅಂಗಡಿಯ ಸೋಡಾ ಕೌಂಟರ್‌ನಲ್ಲಿ ದುಡಿದಳು. ತಾಯಿ ಹಿಲ್ಡಾ ಬಟ್ಟೆ ಹೊಲಿಯುತ್ತಿದ್ದರು. ಮಗಳು ವೇದಿಕೆಗೆ ಹಾಕುತ್ತಿದ್ದ, ದನಗಾಹಿಗಳ ಉಡುಪಿನಂಥ ಕೌಗರ್ಲ್ ಬಟ್ಟೆಗಳೂ ಅವರ ಕೈಯವೇ.

ತಿಪಟೂರಿನಲ್ಲಿ 30 ವರ್ಷ ರವಿಕೆ ಹೊಲಿದ ಅಮ್ಮ ಒಂದು ಫೋಟೋ ಮುಂದೆ ನಿಂತುಬಿಟ್ಟರು. "ಈ ಕುಚ್ಚು ನೋಡು. ಒಂದೊಂದೂ ಕೈಯಲ್ಲೇ ಕತ್ತರಿಸಿರಬೇಕು. ರಾತ್ರಿಯೆಲ್ಲ ಕೂತಿರ್ತಾಳೆ, ಪಾಪ."

1957ರ ಜನವರಿಯ ಟಿವಿ ಸ್ಪರ್ಧೆಯ ಕಥೆ ಹೇಳಿದೆ. ಆರ್ಥರ್ ಗಾಡ್‌ಫ್ರೇ ನಡೆಸುತ್ತಿದ್ದ ಕಾರ್ಯಕ್ರಮ. ಮಗಳನ್ನು ಅಲ್ಲಿ ಪರಿಚಯಿಸಿದ್ದು ಹಿಲ್ಡಾ ಅವರೇ. ಆದರೆ ಕಾರ್ಯಕ್ರಮದವರು ಕೌಗರ್ಲ್ ಬಟ್ಟೆ ಬೇಡ, ಪಾರ್ಟಿಗೆ ಹಾಕುವಂಥ ಫ್ರಾಕ್ ಹಾಕಿಕೋ ಎಂದರು. ಪ್ಯಾಟ್ಸಿ ಗೆದ್ದಳು. ಅವತ್ತು ಹಾಡಿದ ಹಾಡು ಕಂಟ್ರಿ ಚಾರ್ಟ್‌ನಲ್ಲಿ 2ನೇ ಸ್ಥಾನಕ್ಕೂ ಏರಿತು.

"ಅಮ್ಮ ಹೊಲಿದದ್ದು ಹಾಕ್ಕೊಳ್ಳೋಕೆ ಬಿಡಲಿಲ್ವಾ?" ಅಮ್ಮನಿಗೆ ಗೆಲುವಿಗಿಂತ ಅದೇ ಜಾಸ್ತಿ ನಾಟಿತು. ಇಷ್ಟು ವರ್ಷ ಆ 2 ಎಂಬ ಅಂಕಿಯನ್ನು ಬರೆದಿಟ್ಟುಕೊಂಡಿದ್ದ ನನಗೆ ಇದು ಹೊಳೆದೇ ಇರಲಿಲ್ಲ.

ಕಾರಿನಲ್ಲಿ 'ಕ್ರೇಜಿ' ಹಾಕಿದೆ. ವಿಲ್ಲಿ ನೆಲ್ಸನ್ ಬರೆದು, ಪ್ಯಾಟ್ಸಿ ಹಾಡಿದ ಹಾಡು. 1961ರ ಜೂನ್‌ನಲ್ಲಿ ಪ್ಯಾಟ್ಸಿಯ ಕಾರು ಅಪಘಾತವಾಯಿತು. ಬದುಕಿದ್ದೇ ಹೆಚ್ಚು. ಚೇತರಿಸಿಕೊಳ್ಳುತ್ತಿದ್ದಾಗಲೇ, ಆಗಸ್ಟ್‌ನಲ್ಲಿ, ಅವಳ ಹಾಡೊಂದು ಮೊದಲ ಸಲ ಒಂದನೇ ಸ್ಥಾನಕ್ಕೆ ಬಂತು. ಅದೇ ತಿಂಗಳು 'ಕ್ರೇಜಿ' ಹಾಡಲು ಹೋದರೆ ಪಕ್ಕೆಲುಬು ನೋವು. ಮೇಲಿನ ಸ್ವರಕ್ಕೆ ಉಸಿರು ಸಾಲುತ್ತಿಲ್ಲ. ಅವತ್ತು ವಾದ್ಯ ಮಾತ್ರ ರೆಕಾರ್ಡ್ ಆಯಿತು. ಕೆಲವು ವಾರ ಬಿಟ್ಟು ಬಂದು, ಒಂದೇ ಸಲಕ್ಕೆ ಹಾಡಿ ಮುಗಿಸಿದಳು. ಅದೂ 2ನೇ ಸ್ಥಾನದಲ್ಲೇ ನಿಂತಿತು. ಆದರೂ ಅವಳು ಅಂದರೆ ಜನ ಮೊದಲು ನೆನೆಯೋದು ಈ ಹಾಡನ್ನೇ.

ಅಮ್ಮ ಕಣ್ಣು ಮುಚ್ಚಿ ಕೇಳಿದರು. ಮಾತು ಅರ್ಥವಾಗಲಿಲ್ಲ. "ಎಲ್ಲೂ ಅವಸರ ಇಲ್ಲ ಅಲ್ವಾ" ಎಂದರು.

ಊರಾಚೆಯ ಸ್ಮಶಾನದಲ್ಲಿ, ಅವಳ ಸಮಾಧಿಯ ಫಲಕದ ಮೇಲೆ ಯಾರ್ಯಾರೋ ಇಟ್ಟ ಸೆಂಟ್ ನಾಣ್ಯಗಳಿದ್ದವು. ಅಮ್ಮ ಪರ್ಸ್ ತೆಗೆದರು. ಊರಿನ ಐದು ರೂಪಾಯಿ ಬಿಟ್ಟರೆ ಬೇರೆ ಚಿಲ್ಲರೆ ಇರಲಿಲ್ಲ. ಅದನ್ನೇ ಸೆರಗಿನಲ್ಲಿ ಒರೆಸಿ ಇಟ್ಟರು.