ದುಡ್ಡಿಲ್ಲದೆ ಎಂಎಲ್‌ಎ ಆಗೋಕಾಗುತ್ತಾ?

ಚುನಾವಣೆ ಹತ್ತಿರ ಬಂದಾಗೆಲ್ಲ ಯಾರಾದರೊಬ್ಬರು ನನಗೆ ಈ ಪ್ರಶ್ನೆ ಕೇಳುತ್ತಾರೆ. ನಾನು ಸಾಗರದ ಕಡೆಯವನು, ಹಳೇ ಚುನಾವಣೆಗಳ ಹುಚ್ಚು ಬೇರೆ ಇದೆ, ಹಾಗಾಗಿ ಮದುವೆಮನೆಯ ಊಟದ ಪಂಕ್ತಿಯಲ್ಲೂ ಬಿಡುವುದಿಲ್ಲ. 'ಅಲ್ಲ ಮಾರಾಯ, ಶಾಂತವೇರಿ ಗೋಪಾಲಗೌಡರು ಕೈಯಲ್ಲಿ ಕಾಸಿಲ್ಲದೆ ಗೆದ್ದಿದ್ದರಂತಲ್ಲ, ಈಗ ಹಾಗೆಲ್ಲ ಆಗುತ್ತಾ?' ಅಂತ ಕೇಳುತ್ತಾರೆ. ಕೇಳಿದವರೇ ಉತ್ತರವನ್ನೂ ಕೊಟ್ಟುಕೊಳ್ಳುತ್ತಾರೆ: 'ಆಗಿನ ಜನ ಒಳ್ಳೆಯವರಿದ್ದರು ಬಿಡು.' ಅಷ್ಟು ಹೇಳಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾರೆ.

ಇಷ್ಟು ದಿನ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಹೋದ ತಿಂಗಳು ನನ್ನ ಅಕ್ಕನ ಮಗ ಇದನ್ನೇ ಕೇಳಿದ, ಆದರೆ ಅವನು ಕೇಳಿದ್ದು ಹರಟೆಗಲ್ಲ. ಅವನಿಗೆ ಗ್ರಾಮ ಪಂಚಾಯಿತಿಗೆ ನಿಲ್ಲಬೇಕು, ಮುಂದೆ ಇನ್ನೂ ದೊಡ್ಡದಕ್ಕೆ ಕೈ ಹಾಕಬೇಕು ಅಂತ ಆಸೆ. 'ಮಾವ, ಎಷ್ಟು ಬೇಕಾಗುತ್ತೆ?' ಅಂದ. ಹಾಗಾಗಿ ಈ ಸಲ ಸರಿಯಾಗಿ ಬರೆದುಬಿಡೋಣ ಅನ್ನಿಸಿತು.

ಮೊದಲು ಗೋಪಾಲಗೌಡರ ವಿಚಾರ. ತೀರ್ಥಹಳ್ಳಿ ತಾಲೂಕಿನ ಆರಗದಲ್ಲಿ 1923ರ ಮಾರ್ಚ್ 14ರಂದು ಹುಟ್ಟಿದವರು. ಮನೆಯಲ್ಲಿ ಬಡತನ. ಓದುವ ವಯಸ್ಸಿಗೇ 1942ರ ಚಳವಳಿಗೆ ಇಳಿದು ಜೈಲು ಕಂಡರು. ಸ್ವಾತಂತ್ರ್ಯ ಬಂದ ಮೇಲೆ ಸೋಷಲಿಸ್ಟ್ ಪಕ್ಷದಲ್ಲಿ ಉಳಿದರು. ಆಗ ಸುಲಭದ ದಾರಿ ಕಾಂಗ್ರೆಸ್ಸಿನದು, ಅದು ಎಲ್ಲರಿಗೂ ಗೊತ್ತಿತ್ತು.

ಅವರ ಗೆಲುವಿನ ಕತೆ ಶುರುವಾಗುವುದು ಸಾಗರದ ಹತ್ತಿರದ ಕಾಗೋಡಿನ ಗದ್ದೆಯಲ್ಲಿ. ನಮ್ಮ ಕಡೆ ಗೇಣಿಯನ್ನು, ಅಂದರೆ ಒಡೆಯರ ಗದ್ದೆ ಉಳುವುದಕ್ಕೆ ಕೊಡಬೇಕಾದ ಪಾಲನ್ನು, ಭತ್ತದಲ್ಲಿ ಅಳೆಯುತ್ತಿದ್ದರು, ಅಳೆಯುವುದು ಕೊಳಗದಲ್ಲಿ. ಇಷ್ಟು ಕೊಳಗ ಗೇಣಿ ಅಂತ ಮಾತಾಗಿರುತ್ತಿತ್ತು. ಒಡೆಯರು ಗೇಣಿ ಅಳೆದುಕೊಳ್ಳುವಾಗ ದೊಡ್ಡ ಕೊಳಗ ತರುತ್ತಿದ್ದರು. ಎಣಿಕೆ ಸರಿಯಾಗಿಯೇ ಇರುತ್ತಿತ್ತು, ಹತ್ತು ಅಂದರೆ ಹತ್ತೇ, ಆದರೆ ಕಣದಲ್ಲಿ ಒಕ್ಕಲಿನವನ ಪಾಲಿಗೆ ಉಳಿಯುವ ರಾಶಿ ಮಾತ್ರ ಸಣ್ಣದಾಗುತ್ತಿತ್ತು. ಇದನ್ನು ಕೇಳಿದ್ದಕ್ಕೆ, ಕೊಳಗ ಸರಿ ಮಾಡಿ ಅಂದಿದ್ದಕ್ಕೆ, ದೀವರ ಜಾತಿಯ ಗೇಣಿದಾರರಿಗೆ ಗದ್ದೆಗೇ ಬರಬೇಡಿ ಅಂದುಬಿಟ್ಟರು. 1951ರ ಏಪ್ರಿಲ್‌ನಲ್ಲಿ ಅವರು ನೇಗಿಲು ಹೊತ್ತು ಅದೇ ಗದ್ದೆಗೆ ಇಳಿದರು. ಪೊಲೀಸರು ಒಂದು ತಂಡವನ್ನು ಹಿಡಿದುಕೊಂಡು ಹೋದರೆ ಇನ್ನೊಂದು ತಂಡ ಇಳಿಯುತ್ತಿತ್ತು. ರೈತ ಸಂಘ ಕಟ್ಟಿ ಮುಂದೆ ನಿಂತವರು ಎಚ್. ಗಣಪತಿಯಪ್ಪ, ಅವರ ಹೆಸರನ್ನು ನಾವು ಹೇಳುವುದು ಕಡಿಮೆ, ಅದು ನಮ್ಮ ತಪ್ಪು. ಸೋಷಲಿಸ್ಟರು ಜೊತೆಗೆ ಬಂದರು, ಗೋಪಾಲಗೌಡರೂ ಜೈಲಿಗೆ ಹೋದರು. ಜೂನ್‌ನಲ್ಲಿ ಸೋಷಲಿಸ್ಟರ ರಾಷ್ಟ್ರೀಯ ನಾಯಕ ರಾಮಮನೋಹರ ಲೋಹಿಯಾ ಕಾಗೋಡಿಗೇ ಬಂದರು, ಅವರನ್ನೂ ಬಂಧಿಸಿದರು. ಆಮೇಲೆ ಈ ಹಳ್ಳಿಯ ಹೆಸರು ದೂರದ ಪತ್ರಿಕೆಗಳವರೆಗೂ ಹೋಯಿತು.

ಇದಾಗಿ ಕೆಲವೇ ತಿಂಗಳಿಗೆ ಬಂದದ್ದು ದೇಶದ ಮೊದಲ ಸಾರ್ವತ್ರಿಕ ಚುನಾವಣೆ. ಗೋಪಾಲಗೌಡರು ಸಾಗರ–ಹೊಸನಗರ ಕ್ಷೇತ್ರಕ್ಕೆ ನಿಂತರು. ಎದುರಿಗೆ ಕಾಂಗ್ರೆಸ್ಸಿನ ಎ. ಆರ್. ಬದರಿನಾರಾಯಣ್, ಸಣ್ಣ ಆಳೇನಲ್ಲ. ವಿಧಾನಸಭೆಗೆ ಠೇವಣಿ ಆಗ 250 ರೂಪಾಯಿ. ಗೌಡರು ಓಟೂ ಕೊಡಿ, ಒಂದು ನೋಟೂ ಕೊಡಿ ಅಂತ ಊರೂರು ತಿರುಗಿದರು. ಅಂದರೆ 'ದುಡ್ಡಿಲ್ಲದೆ ಗೆದ್ದರು' ಅನ್ನುವುದೇ ಪೂರ್ತಿ ಸರಿಯಲ್ಲ. ದುಡ್ಡು ಖರ್ಚಾಯಿತು, ಆದರೆ ಅದು ಮತದಾರನ ಜೇಬಿನಿಂದ ಬಂತು. ಒಂದು ರೂಪಾಯಿ ಕೊಟ್ಟವನು ಅಲ್ಲಿಗೆ ಸುಮ್ನೆ ಕೂರುತ್ತಾನಾ? ತನ್ನ ರೂಪಾಯಿ ಮುಳುಗಬಾರದು ಅಂತಾದರೂ ಪಕ್ಕದ ಮನೆಯವನ ಹತ್ತಿರ ಹೋಗಿ ಮಾತಾಡುತ್ತಾನೆ.

ಇನ್ನೊಂದು ವಿಷಯ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಆ ಚುನಾವಣೆಯಲ್ಲಿ ಚೀಟಿಯ ಮೇಲೆ ಮುದ್ರೆ ಒತ್ತುವ ಪದ್ಧತಿ ಇರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಗುರುತು, ಕಾಂಗ್ರೆಸ್ಸಿಗೆ ಜೋಡೆತ್ತು, ಸೋಷಲಿಸ್ಟರಿಗೆ ಮರ. ಅಕ್ಷರ ಬಾರದವರೂ ಮರೆಗೆ ಹೋಗಿ ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿ ಬರಬಹುದಿತ್ತು. ವರ್ಷವಿಡೀ ಒಡೆಯರ ಕಣ್ಣಳತೆಯಲ್ಲೇ ಬದುಕಿದವನಿಗೆ ಅವತ್ತು ಅಷ್ಟು ಹೊತ್ತು ಯಾರೂ ನೋಡದ ಒಂದು ಜಾಗ ಸಿಕ್ಕಿತ್ತು, ನೋಡಿ.

ಗೆದ್ದಾಗ ಗೌಡರಿಗೆ ಇನ್ನೂ 30 ತುಂಬಿರಲಿಲ್ಲ. ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 74, ಸೋಷಲಿಸ್ಟ್ ಪಕ್ಷಕ್ಕೆ ಬರೀ 3. ವಿಧಾನಸೌಧ ಆಗ ಕಟ್ಟಿರಲಿಲ್ಲ, ಸಭೆ ಸೇರುತ್ತಿದ್ದುದು ಅಠಾರ ಕಚೇರಿಯಲ್ಲಿ, ಈಗ ಹೈಕೋರ್ಟ್ ಇರುವ ಕೆಂಪು ಕಟ್ಟಡದಲ್ಲಿ.

ಇಲ್ಲಿಯವರೆಗೆ ಎಲ್ಲರಿಗೂ ಗೊತ್ತು. ಮುಂದಿನದನ್ನು ಊಟದ ಪಂಕ್ತಿಯಲ್ಲಿ ಯಾರೂ ನೆನೆಯುವುದಿಲ್ಲ. 1957ರಲ್ಲಿ ಗೋಪಾಲಗೌಡರು ತೀರ್ಥಹಳ್ಳಿಯಲ್ಲಿ ನಿಂತರು, ಅದು ಅವರ ಸ್ವಂತ ತಾಲೂಕು. ಎದುರಾಳಿ ಅದೇ ಬದರಿನಾರಾಯಣ್. ಗೌಡರು ಸೋತರು! ಐದು ವರ್ಷ ಶಾಸಕರಾಗಿ ಹೆಸರು ಮಾಡಿದ್ದರು, ಪ್ರಾಮಾಣಿಕತೆ ಮೊದಲಿನಷ್ಟೇ ಇತ್ತು, ಮಾತು ಮೊದಲಿಗಿಂತ ಹರಿತವಾಗಿತ್ತು, ನೆಂಟರಿಷ್ಟರ ಊರು ಬೇರೆ. ಆದರೂ ಸೋತರು. ಜನ ಒಳ್ಳೆಯವರಿದ್ದರು, ಅದಕ್ಕೇ ಗೆದ್ದರು ಅನ್ನುವುದಾದರೆ, ಐದೇ ವರ್ಷಕ್ಕೆ ಜನ ಕೆಟ್ಟುಹೋದರಾ? ಸಾಗರದ ಜನ ಒಳ್ಳೆಯವರು, ತೀರ್ಥಹಳ್ಳಿಯವರು ಅಲ್ಲ ಅನ್ನೋಣವಾ? (ಹಾಗಂದರೆ ನನ್ನ ಹೆಂಡತಿಯ ಕಡೆಯವರು ಮನೆಗೆ ಸೇರಿಸುವುದಿಲ್ಲ.)

ನನ್ನ ಲೆಕ್ಕ ಬೇರೆ. ಸಾಗರದಲ್ಲಿ ಚುನಾವಣೆಗೆ ಮೊದಲೇ ಜನ ಒಟ್ಟಾಗಿದ್ದರು. ಒಂದೇ ಜೈಲಿನಲ್ಲಿ ಒಂದೇ ಗಂಜಿ ಉಂಡು ಬಂದವರು ಹಳ್ಳಿಗೆ ನಾಲ್ಕಾರು ಮಂದಿ ಇದ್ದರು. ಗೌಡರು ಅವರ ಜಾತಿಯವರಲ್ಲ, ಅವರ ತಾಲೂಕಿನವರೂ ಅಲ್ಲ, ಆದರೂ ಅವರಿಗೆ ಪ್ರಚಾರ ಮಾಡಿ ಅಂತ ಯಾರೂ ಬಾಡಿಗೆ ಜೀಪು ಕಳಿಸಬೇಕಾಗಿರಲಿಲ್ಲ. ಈಗ ಕೋಟಿ ಕೋಟಿ ಸುರಿದು ಕೊಳ್ಳುವುದು ಏನನ್ನು ಹೇಳಿ? ಇದನ್ನೇ ಅಲ್ವಾ? ಬೂತಿಗೆ ಹತ್ತು ಹುಡುಗರು, ಅವರ ಊಟ, ಬೈಕಿಗೆ ಪೆಟ್ರೋಲು. ಕಾಗೋಡಿನಲ್ಲಿ ಆ ಹತ್ತು ಜನ ಮೊದಲೇ ತಯಾರಿದ್ದರು, ಅದೂ ಪುಕ್ಕಟೆಯಾಗಿ ಅಲ್ಲ, ಪೆಟ್ಟು ತಿಂದು. ತೀರ್ಥಹಳ್ಳಿಯಲ್ಲಿ ಅಂಥ ಗುಂಪು ಕಟ್ಟುವುದಕ್ಕೆ ಅವರಿಗೆ ಸಮಯ ಹಿಡಿಯಿತು. 1962ರಲ್ಲಿ ಅಲ್ಲೇ ಗೆದ್ದರು, 1967ರಲ್ಲಿ ಮತ್ತೆ ಗೆದ್ದರು. 1972ರಲ್ಲಿ ಆ ಕ್ಷೇತ್ರ ಸೋಷಲಿಸ್ಟರೇ ಆದ ಕೋಣಂದೂರು ಲಿಂಗಪ್ಪನವರಿಗೆ ಬಂತು, ಅದೇ ಚುನಾವಣೆಯಲ್ಲಿ ಸಾಗರದಿಂದ ಅದೇ ಪಕ್ಷದ ಕಾಗೋಡು ತಿಮ್ಮಪ್ಪ ಗೆದ್ದರು. ಅಂದರೆ ಕಟ್ಟಿದ್ದು ಒಬ್ಬರ ಹೆಸರಿನ ಮೇಲೆ ಮಾತ್ರ ನಿಂತಿರಲಿಲ್ಲ.

ಸದನದಲ್ಲಿ ಅವರು ಮಾಡಿದ್ದೇನು ಅಂತಲೂ ಕೇಳುತ್ತಾರೆ. ಮಂತ್ರಿಯಂತೂ ಆಗಲಿಲ್ಲ. ಉಳುವವನಿಗೆ ಭೂಮಿ, ಆಡಳಿತದಲ್ಲಿ ಕನ್ನಡ, ರಾಜ್ಯಕ್ಕೆ ಕರ್ನಾಟಕ ಅನ್ನೋ ಹೆಸರು, ಇವಕ್ಕಾಗಿ ವಾದ ಮಾಡಿದರು. 1972ರ ಜೂನ್ 9ರಂದು, 49ನೇ ವಯಸ್ಸಿಗೇ ತೀರಿಕೊಂಡರು. ಹೆಸರು ಬದಲಿಸುವ ನಿರ್ಣಯ ಪಾಸಾಗಿದ್ದು ಅದರ ಮುಂದಿನ ತಿಂಗಳು, ಹೆಸರು ಜಾರಿಗೆ ಬಂದದ್ದು 1973ರ ನವೆಂಬರ್ 1ಕ್ಕೆ. ಗೇಣಿ ಪದ್ಧತಿಗೆ ಕೊನೆ ಹಾಡಿದ ದೇವರಾಜ ಅರಸರ ತಿದ್ದುಪಡಿ 1974ರ ಮಾರ್ಚ್‌ನಲ್ಲಿ ಜಾರಿಯಾಯಿತು. ಎರಡನ್ನೂ ಅವರು ನೋಡಲಿಲ್ಲ. ಇದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಈಗಿನ ಲೆಕ್ಕಕ್ಕೆ ಬಂದರೆ, ವಿಧಾನಸಭೆಗೆ ಠೇವಣಿ 10,000 ರೂಪಾಯಿ, ಪರಿಶಿಷ್ಟರಿಗೆ ಅದರ ಅರ್ಧ. ಬಿದ್ದ ಮತದಲ್ಲಿ ಆರರಲ್ಲೊಂದು ಪಾಲು ಬಾರದಿದ್ದರೆ ಠೇವಣಿ ಹೋಯಿತು. ನಮ್ಮ ರಾಜ್ಯದಲ್ಲಿ ಒಬ್ಬ ಅಭ್ಯರ್ಥಿ ಖರ್ಚು ಮಾಡಬಹುದಾದ ಮಿತಿ 40 ಲಕ್ಷ. ಈ ಅಂಕಿ ಹೇಳಿದರೆ ಪಂಕ್ತಿಯವರೆಲ್ಲ ಒಟ್ಟಿಗೆ ನಗುತ್ತಾರೆ, ಯಾಕೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾದರೆ ದುಡ್ಡಿಲ್ಲದೆ ಆಗುತ್ತಾ? ಆಗಬಹುದು, ಆದರೆ ನಾಮಪತ್ರ ಹಾಕುವ ದಿನ ಶುರು ಮಾಡಿದರೆ ಆಗುವುದಿಲ್ಲ. ಅದಕ್ಕೂ ಎಷ್ಟೋ ಮೊದಲು ಜನರ ಯಾವುದಾದರೊಂದು ಕೊಳಗದ ಜಗಳಕ್ಕೆ ಇಳಿದಿರಬೇಕು. ಇಳಿದ ಮೇಲೂ ಸೋಲಬಹುದು, 1957 ಇದ್ದೇ ಇದೆ.

ಅಕ್ಕನ ಮಗನಿಗೂ ಇದನ್ನೇ ಹೇಳಿದೆ. ಕೊನೆಗೆ ಒಂದು ಕೆಲಸ ಕೊಟ್ಟೆ: 'ಎಷ್ಟು ಬೇಕು ಅಂತ ಆಮೇಲೆ ನೋಡೋಣ. ಮೊದಲು ಊರಲ್ಲಿ ಒಂದು ಸುತ್ತು ಹಾಕು. ನಿನ್ನನ್ನು ನಂಬಿ ನೂರು ರೂಪಾಯಿ ಕೊಡುವವರು ಎಷ್ಟು ಜನ ಇದ್ದಾರೆ ನೋಡಿಕೊಂಡು ಬಾ.'

ನಾಲ್ಕು ದಿನ ಬಿಟ್ಟು ವಾಟ್ಸಾಪ್ ಬಂತು. 'ಮಾವ, ಹನ್ನೊಂದು ಜನ ಕೊಟ್ಟರು. ಅದರಲ್ಲಿ ಐದು ನಮ್ಮ ಮನೆಯವರೇ. ಒಬ್ಬರು ಚರಂಡಿ ಯಾವಾಗ ಮಾಡಿಸ್ತೀಯ ಅಂತ ಈಗಲೇ ಕೇಳ್ತಿದಾರೆ.'