ಹೊಟ್ಟೆಯ ಕೆಳಗಿನ ದೀಪ

ಎಂಟನೇ ತರಗತಿಯಲ್ಲಿ ಮೈ ಹೊಳೆಯುವ ಜೀವಿಗಳ ಪಾಠ ನಡೆದಿತ್ತು. ಕೆಲವು ಅಡಗಿಕೊಳ್ಳಲಿಕ್ಕೇ ಹೊಳೆಯುತ್ತವೆ ಅಂದೆ. ಮೂರನೇ ಸಾಲಿನ ಹುಡುಗಿ ಎದ್ದು ನಿಂತಳು: "ದೀಪ ಹಚ್ಚಿದ್ರ ಇನ್ನೂ ಚೊಲೋ ಕಾಣ್ತಾವಲ್ರಿ ಟೀಚರ್?"

ಕಾರಟಗಿ ಕಡೆಯ ಮಕ್ಕಳಿಗೆ ಸಮುದ್ರ ದೂರದ ಮಾತು, ತುಂಗಭದ್ರಾ ಎಡದಂಡೆ ಕಾಲುವೆ ಮಾತ್ರ ಮನೆಯಂಗಳದಷ್ಟು ಹತ್ತಿರ. ಸಣ್ಣವಳಿದ್ದಾಗ ಅದರಲ್ಲಿ ಮುಳುಗಿ ಕಣ್ಣು ಬಿಟ್ಟು ಮೇಲೆ ನೋಡಿದ್ದೆ. ಈಜುತ್ತಿದ್ದ ಅಣ್ಣ ಬಿಸಿಲಿಗೆ ಅಡ್ಡ ಬಂದು ಬರೀ ಕರಿ ನೆರಳಾಗಿ ಕಂಡಿದ್ದ. ಕಡಲಿನ ಬೇಟೆಪ್ರಾಣಿಗೂ ಕೆಳಗಿನಿಂದ ಹೀಗೇ ಕಾಣುತ್ತದೆ. ಮೇಲಿಂದ ಇಳಿಯುವ ಮಸುಕು ನೀಲಿಯಷ್ಟೇ ಬೆಳಕನ್ನು ಹೊಟ್ಟೆಯಿಂದ ಕೆಳಕ್ಕೆ ಬಿಟ್ಟರೆ ಆ ನೆರಳೇ ಉಳಿಯುವುದಿಲ್ಲ.

ಜಪಾನಿನ ಹೊತಾರು ಇಕಾ ಎಂಬ ಪುಟ್ಟ ಸ್ಕ್ವಿಡ್ (ಹಲವು ತೋಳುಗಳ, ಮೆತ್ತನೆ ಮೈಯ ಕಡಲಜೀವಿ) ಮಾಡುವುದು ಇದನ್ನೇ. ಉದ್ದ ಸುಮಾರು 7 ಸೆಂ.ಮೀ., ಆಯುಸ್ಸು ಒಂದು ವರ್ಷ. ವಸಂತದ ರಾತ್ರಿಗಳಲ್ಲಿ ತೊಯಾಮಾ ಕೊಲ್ಲಿಯ ದಂಡೆಗೆ ಹಿಂಡುಗಟ್ಟಿ ಬಂದು ಮೊಟ್ಟೆಯಿಟ್ಟು ಸಾಯುತ್ತದೆ. ಎರಡು ತೋಳುಗಳ ತುದಿಯಲ್ಲಿ ಇನ್ನೂ ಪ್ರಖರವಾದ ದೀಪಗಳಿವೆ, ಅವನ್ನು ಫಕ್ಕನೆ ಮಿಂಚಿಸಿ ಆರಿಸುತ್ತದೆ.

ಅತ್ತ ಯುರೋಪಿನ ಆಳಸಮುದ್ರದಲ್ಲಿ ವೆಲ್ವೆಟ್ ಬೆಲ್ಲಿ ಲ್ಯಾಂಟರ್ನ್ ಶಾರ್ಕ್. ಶಾರ್ಕ್ ಅಂದರೆ ದೈತ್ಯ ಅಂದುಕೊಂಡಿದ್ದ ಮಕ್ಕಳಿಗೆ ಮೊಳದುದ್ದ ಕೈ ಚಾಚಿ ತೋರಿಸಿದೆ, ಇಷ್ಟೇ. ಇದರ ಹೊಟ್ಟೆಯೂ ಬೆಳಗುತ್ತದೆ. ಆದರೆ ಬೆಳಕನ್ನು ಆಳುವುದು ನರಗಳಲ್ಲ, ಹಾರ್ಮೋನುಗಳು. ಬೆಲ್ಜಿಯಂನ ಸಂಶೋಧಕರು 2009ರಲ್ಲಿ ಇದನ್ನು ತೋರಿಸಿಕೊಟ್ಟರು. ರಾತ್ರಿ ನಮ್ಮ ಮೈಯಲ್ಲೂ ಹೆಚ್ಚುವ ಮೆಲಟೋನಿನ್ ಈ ಶಾರ್ಕಿನ ದೀಪದ ಮುಂದಿನ ಕಪ್ಪು ತೆರೆಯನ್ನು ನಿಧಾನ ಸರಿಸುತ್ತದೆ, ಬೆಳಕು ತಾಸುಗಟ್ಟಲೆ ನಿಲ್ಲುತ್ತದೆ. ಬೆನ್ನಿನ ಎರಡು ಮುಳ್ಳುಗಳ ಹಿಂದೆಯೂ ಬೆಳಕುಂಟು: ಹೊಟ್ಟೆ ಅಡಗಿಕೊಂಡರೆ ಬೆನ್ನು "ಮುಟ್ಟಬ್ಯಾಡ" ಅನ್ನುತ್ತದೆ. ಸ್ಕ್ವಿಡ್‌ನ ಚುರುಕಿಗಿಂತ ನನಗೆ ಈ ಶಾರ್ಕಿನ ನಿಧಾನವೇ ಹೆಚ್ಚು ಇಷ್ಟ.

ಮರುದಿನ ರಟ್ಟಿನ ಮೀನು ಮಾಡಿದೆವು. ಹೊಟ್ಟೆ ಕತ್ತರಿಸಿ ಬಟರ್ ಪೇಪರ್ ಅಂಟಿಸಿ, ಹಿಂದಿನಿಂದ ಟಾರ್ಚ್ ಬಿಟ್ಟು ಕಿಟಕಿಯ ಬೆಳಕಿಗೆ ಹಿಡಿದರೆ ಹೊಟ್ಟೆ ಕಿಟಕಿಯಲ್ಲೇ ಕರಗಿಹೋಯಿತು.

ಅದೇ ಹುಡುಗಿ ಬಗ್ಗಿ ನೋಡಿದಳು. "ಬಾಲ ಇನ್ನೂ ಕಾಣ್ತದ್ರಿ ಟೀಚರ್. ಅದಕ್ಕೂ ಪೇಪರ್ ಹಚ್ಚೋಣ್ರಿ."